ಕ್ರುಸೇಡರ್ ಕಿಂಗ್ಸ್ 3: ಸೋಮೇಶ್ವರನ ಪಾಲು ಹಂಚಿಕೆ ಮತ್ತು ನಾಲ್ಕನೇ ಭಾಗದ ಆಸೆ

ಕ್ರುಸೇಡರ್ ಕಿಂಗ್ಸ್ 3 ಮಧ್ಯಯುಗದ ಅರಸನಾಗಿ, ಅವನು ಸತ್ತ ಮೇಲೆ ಅವನ ವಾರಸುದಾರನಾಗಿ ಆಡುವ ಕಂಪ್ಯೂಟರ್ ಆಟ. ಹಾಸನ ಸೀಮೆಯವರಿಗೆ ಇದರ ಒಳಗುಟ್ಟು ಬೇಗ ಹಿಡಿಯುತ್ತದೆ. 1254ರ ಹೊತ್ತಿಗೆ ಹೊಯ್ಸಳ ಸೋಮೇಶ್ವರ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿದ: ದೋರಸಮುದ್ರ (ಇಂದಿನ ಹಳೇಬೀಡು) ಮುಮ್ಮಡಿ ನರಸಿಂಹನಿಗೆ, ಕಣ್ಣನೂರಿನ ತಮಿಳು ಸೀಮೆ ರಾಮನಾಥನಿಗೆ. ಅದನ್ನು ಮತ್ತೆ ಒಂದುಗೂಡಿಸಲು ಮುಮ್ಮಡಿ ಬಲ್ಲಾಳನೇ ಬರಬೇಕಾಯಿತು. ಪ್ಯಾರಡಾಕ್ಸ್ ಕಂಪನಿಯವರು 2020ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ಈ ಆಟದ ಜೀವಾಳ ಇಂಥ ಪಾಲು ಹಂಚಿಕೆಯೇ. ನೆಲ ಗೆಲ್ಲುವುದಕ್ಕಿಂತ ಗೆದ್ದದ್ದನ್ನು ಒಬ್ಬನ ಕೈಯಲ್ಲಿ ಉಳಿಸುವುದು ಕಷ್ಟ.

ಹೊಸಬರು ಎಡವುವುದು ಮೊದಲ ರಾಜ ಸತ್ತ ದಿನ. ಶುರುವಿನಲ್ಲಿ ಹೆಚ್ಚಿನವರಿಗೆ ಇರುವುದು ಕಾನ್ಫೆಡರೇಟ್ ಪಾರ್ಟಿಷನ್, ಅಂದರೆ ಮಕ್ಕಳಿಗೆಲ್ಲ ಪಾಲು ಹಂಚುವ ಉತ್ತರಾಧಿಕಾರದ ಕಾನೂನು. ನಿಮ್ಮದು ಒಂದೇ ರಾಜಪಟ್ಟ, ಆದರೆ ಪಕ್ಕದ ರಾಜ್ಯದ ಅರ್ಧಕ್ಕಿಂತ ಹೆಚ್ಚು ನೆಲವೂ ಕೈಯಲ್ಲಿದೆ ಎಂದಿಟ್ಟುಕೊಳ್ಳಿ. ನೀವು ಸತ್ತ ಕೂಡಲೇ ಆ ಎರಡನೇ ಪಟ್ಟ ತಾನಾಗಿ ಹುಟ್ಟಿ ಕಿರಿಯ ಮಗನ ತಲೆಗೆ ಏರುತ್ತದೆ. ಅವನು ಸ್ವತಂತ್ರ ರಾಜ. ಆದ್ದರಿಂದ ಒಂದೋ ಅರ್ಧದ ಗಡಿ ದಾಟದೆ ನಿಲ್ಲಿ, ಇಲ್ಲವೇ ಸಾಮ್ರಾಟ ಪಟ್ಟ ಸಿಗುವ ತನಕ ಮುನ್ನುಗ್ಗಿ. ಅಣ್ಣ ಸಾಮ್ರಾಟನಾದರೆ ರಾಜನಾದ ತಮ್ಮ ಅವನ ಸಾಮಂತನಾಗಿಯೇ ಇರುತ್ತಾನೆ. ಹೊಸದಾಗಿ ಗೆದ್ದ ದೂರದ ಕೌಂಟಿಗಳನ್ನು (ನಾಡುಗಳನ್ನು) ನೀವು ಬದುಕಿರುವಾಗಲೇ ಕಿರಿಯರಿಗೆ ಕೊಡಿ. ಅವು ಅವರ ಪಾಲಿನ ಲೆಕ್ಕಕ್ಕೆ ಸೇರಿ, ರಾಜಧಾನಿಯ ಸುತ್ತಲಿನ ನೆಲ ಹಿರಿಯನಿಗೆ ಉಳಿಯುತ್ತದೆ. ಮಗನ ಹಕ್ಕನ್ನೇ ತೆಗೆದುಹಾಕುವ ದಾರಿಯೂ ಇದೆ, ಆದರೆ ಅದಕ್ಕೆ ರಿನೌನ್ (ವಂಶದ ಕೀರ್ತಿಯ ಅಂಕ) ಸುರಿಯಬೇಕು. ವಂಶದ ಲೆಗಸಿ, ಅಂದರೆ ಇಡೀ ವಂಶಕ್ಕೆ ಉಳಿಯುವ ಅನುಕೂಲಗಳನ್ನು ಕೊಳ್ಳುವುದೂ ಅದರಿಂದಲೇ ಆದ್ದರಿಂದ ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಮುದಿ ರಾಜನ ಕಾಲದಲ್ಲಿ ಯುದ್ಧ ನಿಲ್ಲಿಸಿ ಚಿನ್ನ ಕೂಡಿಡಿ. ಪಟ್ಟಕ್ಕೆ ಬಂದ ಹೊಸಬನನ್ನು ಸಾಮಂತರು ನಂಬುವುದಿಲ್ಲ, ಬಣ ಕಟ್ಟುತ್ತಾರೆ. ಆಗ ಉಡುಗೊರೆಯೇ ಗತಿ.

ಸ್ಟ್ರೆಸ್, ಅಂದರೆ ಪಾತ್ರದ ಮನಸ್ಸಿನ ಒತ್ತಡದ ಲೆಕ್ಕ ಈ ಆಟದ ಅತ್ಯುತ್ತಮ ಕಲ್ಪನೆ. ಕರುಣೆಯುಳ್ಳ ರಾಜನಿಂದ ಕೈದಿಯ ತಲೆ ತೆಗೆಸಿದರೆ ಅವನ ಮನಸ್ಸೇ ಕುಸಿಯುತ್ತದೆ. ಒತ್ತಡದ ಅಂಕ 100, 200, 300 ದಾಟಿದಂತೆ ಪರಿಣಾಮ ಘೋರವಾಗುತ್ತದೆ. ಹೀಗಾಗಿ ಲಾಭವೊಂದನ್ನೇ ನೋಡಿ ಆಡಲು ಆಗುವುದಿಲ್ಲ. ಮುಂದೆ ನಾಲ್ಕನೇ ಭಾಗ ಬಂದರೆ ಅದರಲ್ಲಿ ಏನೇ ಬದಲಾದರೂ ಇದನ್ನು ಮುಟ್ಟಬಾರದು.

ಕೊರತೆ ಇರುವುದು ಆಟ ಶುರುಮಾಡಲು ಆರಿಸಬಹುದಾದ ಇಸವಿಗಳಲ್ಲಿ. ಮೂಲ ಆಟದಲ್ಲಿ 867 ಮತ್ತು 1066. 2024ರಲ್ಲಿ ರೋಡ್ಸ್ ಟು ಪವರ್ ಎಂಬ ವಿಸ್ತರಣೆ ಬಂದಾಗ 1178 ಸೇರಿತು. 1066 ಎಂದರೆ ಕಲ್ಯಾಣದ ಚಾಲುಕ್ಯರ ಕೆಳಗಿದ್ದ ಹೊಯ್ಸಳ ವಿನಯಾದಿತ್ಯನ ಕಾಲ, 1178 ಎಂದರೆ ಇಮ್ಮಡಿ ಬಲ್ಲಾಳನ ಕಾಲ. ಎರಡೂ ಚೆನ್ನಾಗಿವೆ. ಆದರೆ ಎರಡನೇ ಭಾಗದಲ್ಲಿ 1066ರಿಂದ 1337ರವರೆಗೆ ಯಾವ ದಿನದಿಂದ ಬೇಕಾದರೂ ಆಡಬಹುದಿತ್ತು. ಆ ಸ್ವಾತಂತ್ರ್ಯ ಮರಳಿ ಬರಬೇಕು. ತಲಕಾಡನ್ನು ಚೋಳರಿಂದ ಗೆದ್ದ 1116, ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫೂರ್ ದೋರಸಮುದ್ರಕ್ಕೆ ಬಂದ 1311: ಇವೆರಡರಿಂದ ಆಟ ಶುರುಮಾಡುವುದಾದರೆ ಎಷ್ಟು ಚೆನ್ನ!

ಇನ್ನೊಂದು ಬೇಡಿಕೆ ಗರುಡರದು. ಒಡೆಯ ಸತ್ತರೆ ತಾವೂ ಸಾಯುವ ಪ್ರತಿಜ್ಞೆ ಮಾಡಿದವರು ಅವರು. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬ ಹಳೇಬೀಡಿನಲ್ಲೇ ನಿಂತಿದೆ. ಆಟದಲ್ಲಿ ಅಂಗರಕ್ಷಕನ ಹುದ್ದೆ ಇದೆ, ಈ ಪ್ರತಿಜ್ಞೆ ಇಲ್ಲ. ರಾಜ ಸತ್ತಾಗ ಅತ್ಯುತ್ತಮ ವೀರರೂ ಹೋಗುವಂತಾದರೆ ಪಟ್ಟ ಬದಲಾಗುವ ಗಳಿಗೆ ಇನ್ನಷ್ಟು ಬಿಗಿಯಾದೀತು. ದೇವಸ್ಥಾನವೂ ಹಣ ತರುವ ಒಂದು ಜಾಗ ಮಾತ್ರ ಆಗಿರದೆ, ದತ್ತಿ ಬಿಟ್ಟ ನೆಲ, ಕೆರೆ, ಅಗ್ರಹಾರಗಳ ಜೊತೆ ಲೆಕ್ಕಕ್ಕೆ ಬರಬೇಕು.

ವೇಗವೂ ಸುಧಾರಿಸಬೇಕು. ಪಾತ್ರಗಳು ಹೆಚ್ಚಿದಷ್ಟೂ ಲೆಕ್ಕ ಹೆಚ್ಚುತ್ತದೆ, ಆಟ ಶತಮಾನಗಳು ಕಳೆದಂತೆ ತೆವಳುತ್ತದೆ. ಕರೆಂಟ್ ಹೋಗುವ ಮಲೆನಾಡಿನ ಮಳೆಗಾಲದಲ್ಲಿ ಆಡುವವರು ಆಟೋಸೇವ್ (ಆಟ ತಾನಾಗಿ ಉಳಿಸಿಕೊಳ್ಳುವ) ಅವಧಿಯನ್ನು ಕಡಿಮೆ ಇಟ್ಟುಕೊಳ್ಳಿ. ಹಿಂದಕ್ಕೆ ಹೋಗಿ ತಪ್ಪು ತಿದ್ದಿಕೊಳ್ಳಲು ಬಿಡದ ಐರನ್‌ಮ್ಯಾನ್ ಬಗೆಯಲ್ಲಿ ಒಂದೇ ಸೇವ್ ಕಡತ ಇರುವುದರಿಂದ, ಯುಪಿಎಸ್ ಇಲ್ಲದ ಮನೆಯಲ್ಲಿ ಆ ಬಗೆಯ ಆಟ ಬೇಡ.