ಕ್ಯಾಲಾನಸ್ ಸ್ಲೈಡ್ ಪೆಟ್ಟಿಗೆ: ಕಾಣದೆ ಹೋದ ಎಣ್ಣೆಚೀಲ

ಕುಂಬಳೆ ಸಮೀಪದ ನಮ್ಮ ಕನ್ನಡ ಮಾಧ್ಯಮ ಶಾಲೆಯ ಪ್ರಯೋಗಾಲಯಕ್ಕೆಂದು ಕಾಸರಗೋಡು ಪೇಟೆಯ ಅಂಗಡಿಯೊಂದರ ಮೂಲಕ ತರಿಸಿದ 14 ಸ್ಲೈಡುಗಳ ಈ ಪೆಟ್ಟಿಗೆಯನ್ನು ಒಂದು ವರ್ಷ ಪೂರ್ತಿ ಪಾಠದಲ್ಲಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನಲ್ಲಿ ಬದುಕುವ, ಪೂರ್ತಿ ಬೆಳೆದಾಗ ಸುಮಾರು 3 ಮಿಲಿಮೀಟರ್ ಉದ್ದವಿರುವ ಕ್ಯಾಲಾನಸ್ ಫಿನ್‌ಮಾರ್ಕಿಕಸ್ ಎಂಬ ಕೋಪಿಪಾಡ್‌ನ, ಅಂದರೆ ಏಡಿ-ಸಿಗಡಿಗಳ ಬಳಗದ ಪುಟ್ಟ ಕಡಲಜೀವಿಯ, ಜೀವನಚಕ್ರ ಇದರ ವಿಷಯ.

ಮೊಟ್ಟೆ, ನಾಪ್ಲಿಯಸ್‌ನ (ಮೊಟ್ಟೆಯೊಡೆದು ಬರುವ ಮರಿ) 6 ಹಂತ, ಕೋಪಿಪೊಡೈಟ್‌ನ (ಅದರ ನಂತರದ, ಇನ್ನೂ ಪ್ರೌಢವಾಗದ ಮರಿ) 5 ಹಂತ, ಕೊನೆಗೆ ಪ್ರೌಢ ಗಂಡು ಮತ್ತು ಹೆಣ್ಣು, ಹೀಗೆ ಒಂದನ್ನೂ ಬಿಡದೆ ಜೋಡಿಸಿರುವುದು ಪೆಟ್ಟಿಗೆಯ ಬಹುದೊಡ್ಡ ಗುಣ. ಮೊದಲ ಎರಡು ನಾಪ್ಲಿಯಸ್‌ಗಳು ಮೊಟ್ಟೆಯಿಂದ ಬಂದ ಭಂಡಾರದ ಮೇಲೆಯೇ ಬದುಕಿ, ಮೂರನೆಯ ಹಂತದಲ್ಲಿ ತಿನ್ನಲು ತೊಡಗುತ್ತವೆ ಎಂಬುದನ್ನು ಸ್ಲೈಡುಗಳನ್ನು ಒಂದರ ನಂತರ ಒಂದು ಇಟ್ಟು ವಿವರಿಸುವುದು ಸುಲಭವಾಯಿತು. ಹೆಣ್ಣಿನ ಸ್ಲೈಡಿನಲ್ಲಿ ಜನನಾಂಗದ ಬಳಿ ಗಂಡು ಅಂಟಿಸಿದ ವೀರ್ಯಕೋಶವೂ ಸ್ಪಷ್ಟವಾಗಿದೆ. ಹೊಟ್ಟೆಯಡಿ ಮೊಟ್ಟೆ ಹೊತ್ತ ಏಡಿಯನ್ನು ಮನೆಯಲ್ಲೇ ಕಂಡಿರುವ ಮಕ್ಕಳು ಇದರ ಮೊಟ್ಟೆ ಎಲ್ಲಿ ಎಂದು ಕೇಳಿದರು. ಕ್ಯಾಲಾನಸ್ ಮೊಟ್ಟೆಗಳನ್ನು ನೇರವಾಗಿ ನೀರಿಗೇ ಬಿಡುತ್ತದೆ, ನಮ್ಮ ಕಡಲಿನ ದೊಡ್ಡ ಸಿಗಡಿಗಳದ್ದೂ ಇದೇ ಕ್ರಮ, ಅವುಗಳ ಮರಿಯೂ ನಾಪ್ಲಿಯಸ್ ಆಗಿಯೇ ಹೊರಬರುತ್ತದೆ ಎಂದಾಗ ತರಗತಿಯಲ್ಲಿ ಎದ್ದ ಕುತೂಹಲಕ್ಕೆ ಈ ಪೆಟ್ಟಿಗೆಯೇ ಕಾರಣ.

ಆದರೆ ಐದನೆಯ ಕೋಪಿಪೊಡೈಟ್ ನನಗೆ ನಿಜವಾದ ಬೇಸರ ತಂದಿತು. ಬೇಸಗೆಯಲ್ಲಿ ತಿಂದದ್ದನ್ನು ಮೇಣದಂಥ ಎಣ್ಣೆಯಾಗಿ ಒಡಲಿನ ಚೀಲದಲ್ಲಿ ತುಂಬಿಕೊಂಡು, ನೂರಾರು ಮೀಟರ್ ಆಳಕ್ಕಿಳಿದು, ಚಳಿಗಾಲವನ್ನು ಉಪವಾಸದಲ್ಲಿ ಕಳೆದು, ಬಳಿಕ ಪೊರೆ ಕಳಚಿ ಪ್ರೌಢವಾಗಿ, ವಸಂತದಲ್ಲಿ ಪಾಚಿ ಹಬ್ಬುವ ವೇಳೆಗೆ ಮೇಲ್ಪದರದಲ್ಲಿ ಮೊಟ್ಟೆಯಿಡುವ ಈ ಜೀವಿಯ ಬಾಳು ನಿಂತಿರುವುದೇ ಆ ಚೀಲದ ಮೇಲೆ. ಬಾಲ್ಸಮ್ ಎಂಬ ಪಾರದರ್ಶಕ ಅಂಟಿನಲ್ಲಿ ಕೂರಿಸುವ ಮುನ್ನ ಬಳಸುವ ಆಲ್ಕೋಹಾಲ್ ಮತ್ತು ಜೈಲೀನ್ ಎಂಬ ದ್ರಾವಕಗಳು ಆ ಎಣ್ಣೆಯನ್ನು ಕರಗಿಸಿಬಿಡುತ್ತವೆ. ಹಾಗಾಗಿ ಸ್ಲೈಡಿನಲ್ಲಿ ಉಳಿದಿರುವುದು ಖಾಲಿ ಜಾಗ ಮಾತ್ರ, ಮಕ್ಕಳ ಕಣ್ಣಿಗೆ ಅದು ನಾಲ್ಕನೆಯ ಹಂತಕ್ಕಿಂತ ತುಸು ದೊಡ್ಡದು, ಅಷ್ಟೇ.

ಕೈಪಿಡಿ ಇಂಗ್ಲಿಷಿನಲ್ಲಷ್ಟೇ ಇದ್ದುದರಿಂದ ಕನ್ನಡದ ಚೀಟಿಗಳನ್ನು ನಾನೇ ಬರೆದು ಅಂಟಿಸಬೇಕಾಯಿತು. ಒಡೆದಿದ್ದ ಎರಡು ಸ್ಲೈಡುಗಳನ್ನು ಅಂಗಡಿಯವರು ವಾರದೊಳಗೆ ಬದಲಿಸಿಕೊಟ್ಟರು. ಪ್ರೌಢಶಾಲೆಗಳಿಗೆ ಇದನ್ನು ಕೊಳ್ಳಿರೆಂದು ಖಂಡಿತ ಹೇಳುತ್ತೇನೆ. ಐದನೆಯ ಹಂತವನ್ನಾದರೂ ಗ್ಲಿಸರಿನ್‌ನಲ್ಲಿ ಕೂರಿಸಿ ಕೊಡಬೇಕೆಂದು ತಯಾರಕರಿಗೆ ಪತ್ರ ಬರೆದಿದ್ದೇನೆ. ಅಲ್ಲಿಯವರೆಗೆ ಆ ಚೀಲವನ್ನು ಕರಿಹಲಗೆಯ ಮೇಲೆ ಹಳದಿ ಸೀಮೆಸುಣ್ಣದಲ್ಲಿ ಬಿಡಿಸಿ ತೋರಿಸುತ್ತಿದ್ದೇನೆ.