ಬಾಗಲಕೋಟೆಯವರೇ, ಮನೆಗೆ ಬಂದು ನಾಯಿಮರಿಗೆ ಲಸಿಕೆ ಸೂಜಿ ಮಾಡುವವನ ಬಗ್ಗೆ ಎಚ್ಚರ

ನವನಗರ, ವಿದ್ಯಾಗಿರಿ ಕಡೆ ನಾಯಿಮರಿ ಸಾಕಿದವರು ದಯವಿಟ್ಟು ಇದನ್ನು ಓದಿ. ಬೈಕ್ ಮೇಲೆ ಮನೆಗೇ ಬಂದು "ಎಲ್ಲಾ ಡೋಸ್ ನಾನೇ ಮಾಡ್ತೀನ್ರಿ" ಅನ್ನುವವನು ಒಬ್ಬನಿದ್ದಾನೆ. ಹೆಸರು ಇಲ್ಲಿ ಹಾಕುವುದಿಲ್ಲ, ಅದನ್ನು ದೂರಿನಲ್ಲಿ ಬರೆದಿದ್ದೇನೆ. ಅವನು ಕೊಟ್ಟ ಲಸಿಕೆ ಕಾರ್ಡ್ ಮನೆಯಲ್ಲಿದ್ದರೆ ಈಗಲೇ ತೆಗೆದು ನೋಡಿ. ಒಳಗೆ ಔಷಧಿ ಬಾಟಲಿಯಿಂದ ಕಿತ್ತು ಅಂಟಿಸಿದ ಸ್ಟಿಕರ್ ಇದೆಯಾ? ಬರೀ ಪೆನ್ನಿನಲ್ಲಿ ಬರೆದದ್ದಷ್ಟೇ ಇದ್ದರೆ ನಿಮ್ಮದೂ ನನ್ನ ಕಥೆಯೇ.

ನಮ್ಮದು ಮುಧೋಳ ಮರಿ. ಲೋಕಾಪುರದ ಹತ್ತಿರ ಕಾಕಾ ಅವರ ಹೊಲದ ಮನೆಯಿಂದ ತಂದದ್ದು. ತಂದ ವಾರದಲ್ಲೇ ಯಾರೋ ಇವನ ನಂಬರ್ ಕೊಟ್ಟರು. ಬಂದವನೇ ಮರಿ ನೋಡಿ, "ಮುಧೋಳ ತಳಿ ಭಾಳ ಸೂಕ್ಷ್ಮ ಇರತೈತ್ರಿ ಸರ್. ಊರ ನಾಯಿಗತೆ ಅಲ್ಲ. ಡೋಸ್ ಜಾಸ್ತಿ ಬೇಕಾಗತಾವ" ಅಂದ. ಮಾತು ಹೇಗಿತ್ತು ಅಂದರೆ ಡಾಕ್ಟರೇ ಅನ್ನಬೇಕು. ಬೈಕಿಗೆ ಪ್ಲಸ್ ಗುರುತು ಬೇರೆ.

ಅಲ್ಲಿಂದ ವಾರ ವಾರ ಬರತೊಡಗಿದ. ಒಂದು ಸೂಜಿಗೆ 600 ರೂಪಾಯಿ. ಮರಿಗೆ ಎರಡು ತಿಂಗಳು ತುಂಬುವ ಮೊದಲೇ "ಪಾರ್ವೋ ಕೋರ್ಸ್ ಮುಗೀತ್ರಿ" ಅಂದ. ಪಾರ್ವೋ ಅಂದರೆ ಮರಿಗಳಿಗೆ ಬರುವ ವಾಂತಿ-ಭೇದಿ ರೋಗ. ರೇಬೀಸ್ ಕೂಡ ಅಷ್ಟರಲ್ಲೇ ಮಾಡಿ ಮುಗಿಸಿದ್ದ. ಆಮೇಲೂ ನಿಲ್ಲಲಿಲ್ಲ. ನಾಯಿಗಳ ಕೊರೋನಾದ್ದು (ಕೋವಿಡ್ ಅಲ್ಲ) ಒಂದು, "ಪವರ್ ಡೋಸ್" ಅಂತ ಒಂದು, "ಮಳೆಗಾಲದ್ದು" ಅಂತ ಇನ್ನೊಂದು. ಪ್ರತಿ ಸಲವೂ ಸಿರಿಂಜ್ ಮೊದಲೇ ತುಂಬಿಕೊಂಡೇ ಬರುತ್ತಿದ್ದ. ಏಪ್ರಿಲ್ ತಿಂಗಳು, ಬಾಗಲಕೋಟೆ ಬಿಸಿಲು, ಸಿರಿಂಜ್ ಇರುತ್ತಿದ್ದುದು ಬೈಕಿನ ಟ್ಯಾಂಕ್ ಕವರಿನಲ್ಲಿ. ಐಸ್ ಇಲ್ಲ, ಡಬ್ಬಿ ಇಲ್ಲ. ಬಾಟಲಿ ಎಲ್ಲಿ ಅಂತ ಕೇಳಿದ್ದಕ್ಕೆ "ಅದರಾಗ ವೈರಸ್ ಇರತೈತ್ರಿ, ಮಕ್ಕಳಿರೋ ಮನಿಗೆ ತರಬಾರದು" ಅಂದ. ಎಂಥಾ ಉತ್ತರ ನೋಡಿ!

ಇದೆಲ್ಲ ಬಯಲಾದದ್ದು ತಂಗಿಯ ಮಗನಿಗೆ ಮರಿಯ ಹಲ್ಲು ತಾಗಿ ರಕ್ತ ಬಂದ ದಿನ. ಸೋಪು ಹಚ್ಚಿ ನೀರು ಬಿಟ್ಟು ಗಾಯ ತೊಳೆದು ದವಾಖಾನೆಗೆ ಓಡಿದೆವು. "ನಮ್ಮ ನಾಯಿಗೆ ಎಲ್ಲಾ ಆಗಿದೆ" ಅಂತ ಕಾರ್ಡ್ ಮುಂದಿಟ್ಟೆ. ಅಲ್ಲಿನ ಡಾಕ್ಟರ್ ತಿರುವಿ ನೋಡಿ ವಾಪಸ್ ಕೊಟ್ಟರು. "ಇದನ್ನ ನಂಬಿ ಹುಡುಗನ್ನ ಬಿಡೋಕಾಗಲ್ಲ" ಅಂದರು. ಅವತ್ತೇ ಹುಡುಗನಿಗೆ ರೇಬೀಸ್ ಸೂಜಿ ಶುರು. 0, 3, 7, 28ನೇ ದಿನ, ಪೂರ್ತಿ ಕೋರ್ಸ್. ತಂಗಿ ನನ್ನ ಜೊತೆ ನೆಟ್ಟಗೆ ಮಾತಾಡಿಲ್ಲ ಇನ್ನೂ.

ಅಲ್ಲಿಂದ ಮರಿಯನ್ನು ದನದ ದವಾಖಾನೆಗೆ ಒಯ್ದೆ. ಡಾಕ್ಟರ್ ಕಾರ್ಡ್ ಹಿಡಿದು ದಿನ ಲೆಕ್ಕ ಹಾಕಿದರು. "ರೇಬೀಸ್ 40 ದಿನಕ್ಕೇ ಮಾಡ್ಯಾನಾ? ಸ್ಟಿಕರ್ ಎಲ್ಲದಾವ? ಬ್ಯಾಚ್ ನಂಬರ್? ಬಾಟಲಿ ಒಡೆಯೋದು ನೋಡೀರಾ?" ಒಂದಾದ ಮೇಲೆ ಒಂದು. ನನ್ನ ಹತ್ತಿರ ಒಂದಕ್ಕೂ ಉತ್ತರವಿಲ್ಲ. ಸಾಲಿನಲ್ಲಿ ಆಡು ಹಿಡಿದು ನಿಂತಿದ್ದ ಅಜ್ಜ ಒಬ್ಬರು, "ನಮ್ಮ ಆಡಿಗೆ ಮಾಡೋವಾಗನೂ ಬಾಟಲಿ ತೋರಿಸಿ ಮಾಡ್ತಾರಲ್ರೀ" ಅಂದುಬಿಟ್ಟರು. ಎಲ್ಲರೂ ನಕ್ಕರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಸಂಬಳ ಎಣಿಸಿ ಕೊಟ್ಟು ನೀರು ಹೊಡೆಸಿದ್ದೇನೋ ಏನೋ, ಸಿರಿಂಜಿನಲ್ಲಿ ಏನಿತ್ತು ಅಂತ ದೇವರಿಗೇ ಗೊತ್ತು.

ಡಾಕ್ಟರ್ ಹೇಳಿದ್ದನ್ನು ಹೇಳಿಬಿಡುತ್ತೇನೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವ ತನಕ ಲಸಿಕೆ ಹತ್ತುವುದಿಲ್ಲ. ಅದು ಯಾವ ಮರಿಗೆ ಯಾವಾಗ ಇಳಿಯುತ್ತದೆ ಅಂತ ಹೊರಗಿನಿಂದ ತಿಳಿಯದು. ಅದಕ್ಕೇ ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್ ಅನ್ನುವ ನಾಯಿ ರೋಗಗಳಿಗೆ ಕೂಡಿಸಿ ಮಾಡಿದ ಲಸಿಕೆಯನ್ನು 6ರಿಂದ 8 ವಾರಕ್ಕೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ ಕೊಡುತ್ತಾ ಹೋಗುತ್ತಾರೆ. ಕೊನೆಯದು 16 ವಾರಕ್ಕೆ ಅಥವಾ ಅದು ದಾಟಿದ ಮೇಲೆ ಆಗಲೇಬೇಕು. ಆ ಕೊನೆಯದೇ ಮುಖ್ಯ. ಇವನು ಅದಕ್ಕೂ ಮೊದಲೇ "ಕೋರ್ಸ್ ಮುಗೀತು" ಅಂದನಲ್ಲ, ಅಂದರೆ ಬೇಕಾದದ್ದನ್ನು ಬಿಟ್ಟು ಬೇಡದ್ದಕ್ಕೆಲ್ಲ ರೊಕ್ಕ ಎಣಿಸಿಕೊಂಡಿದ್ದಾನೆ. ವಾರ ವಾರ ಚುಚ್ಚುವುದಂತೂ ಯಾವ ಲೆಕ್ಕದಲ್ಲೂ ಇಲ್ಲ.

ರೇಬೀಸ್ ಮೂರು ತಿಂಗಳು ತುಂಬಿದ ಮೇಲೆ, ಒಂದು ವರ್ಷಕ್ಕೆ ಮತ್ತೆ. ಆಮೇಲೆ ಬಾಟಲಿ ಮೇಲಿನ ಸೂಚನೆ ಪ್ರಕಾರ, ನಮ್ಮಲ್ಲಿ ಹೆಚ್ಚಾಗಿ ವರ್ಷಕ್ಕೊಮ್ಮೆ. ಇಲಿ ಮೂತ್ರದಿಂದ ಬರುವ ಲೆಪ್ಟೋಗೆ ಮೊದಲು ಎರಡು ಡೋಸ್, ಆಮೇಲೆ ವರ್ಷ ವರ್ಷ. ಪಾರ್ವೋ-ಡಿಸ್ಟೆಂಪರಿಗೆ ವರ್ಷ ತುಂಬುವ ಹೊತ್ತಿಗೆ ಒಂದು ಬೂಸ್ಟರ್ ಆದರೆ, ಆಮೇಲೆ ಮೂರು ವರ್ಷಕ್ಕೊಮ್ಮೆ ಸಾಕು ಅಂತ ಸಣ್ಣ ಪ್ರಾಣಿಗಳ ಜಾಗತಿಕ ಪಶುವೈದ್ಯರ ಸಂಘದ (WSAVA) ಮಾರ್ಗಸೂಚಿಯೇ ಇದೆಯಂತೆ. ಕೊರೋನಾ ಸೂಜಿ ಅದರಲ್ಲಿ ಬೇಡದ್ದರ ಪಟ್ಟಿಯಲ್ಲಿದೆ! ಇನ್ನು ಮುಧೋಳ ತಳಿಗೆ ಜಾಸ್ತಿ ಡೋಸ್ ಅಂದದ್ದಕ್ಕೆ ಡಾಕ್ಟರ್ ನಕ್ಕೇಬಿಟ್ಟರು. ತಳಿ ಯಾವುದಿರಲಿ, ಗಾತ್ರ ಎಷ್ಟಿರಲಿ, ಲಸಿಕೆಯ ಅಳತೆ ಒಂದೇ. ಮುಧೋಳ ನಾಯಿಗೆಂದೇ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಇರುವ ಜಿಲ್ಲೆ ನಮ್ಮದು. ಇಲ್ಲೇ ಬಂದು ಈ ಮಾತು ಹೇಳುವ ಧೈರ್ಯ ನೋಡಿ ಅವನದು.

ಪಾರ್ವೋ ಲಸಿಕೆ ಬರುವುದು ಒಣ ಪುಡಿಯಾಗಿ. 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ನಿಮ್ಮ ಕಣ್ಣೆದುರೇ ದ್ರಾವಣ ಬೆರೆಸಿ ಆಗಲೇ ಚುಚ್ಚಬೇಕು. ಟ್ಯಾಂಕ್ ಕವರಿನಲ್ಲಿ ಬೆಂದದ್ದು ಲಸಿಕೆಯೇ ಆಗಿದ್ದರೂ ಸತ್ತ ಹಾಗೆಯೇ.

ಫೋನ್ ಮಾಡಿದೆ. ಮೊದಲು "ಸ್ಟಿಕರ್ ಗಾಳಿಗೆ ಹಾರಿ ಹೋಗಿರಬೇಕ್ರಿ" ಅಂದ. ಎಲ್ಲವೂನಾ? ಅಷ್ಟೂ ಹಾರಿದವಾ? "ನನ್ನ ಹತ್ರ ಅದಾವ, ಆಮೇಲೆ ಕಳಸ್ತೀನಿ." ಬರಲಿಲ್ಲ. ನೋಂದಣಿ ನಂಬರ್ ಕೇಳಿದೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ಪಶುವೈದ್ಯ ಅನ್ನುವವರಿಗೆ ನೋಂದಣಿ ಇರಲೇಬೇಕು, ಅಲ್ವಾ? ಅದಕ್ಕೆ ವಾಟ್ಸಾಪಿನಲ್ಲಿ ಉತ್ತರ: "ನಾನು ಡಾಕ್ಟರ್ ಅಂತ ಯಾವಾಗ ಹೇಳೇನ್ರಿ? ನೀವ ಡಾಕ್ಟರ್ ಡಾಕ್ಟರ್ ಅಂತಿದ್ರಿ." ಓದಿ ಮೈಯೆಲ್ಲ ಉರಿಯಿತು. ಮುಂದಿನದು ಇನ್ನೂ ಚೆಂದ: "ದನದ ದವಾಖಾನಿಯವರು ಎಮ್ಮಿ ನೋಡೋರು, ನಾಯಿದು ಅವರಿಗೇನ್ ಗೊತ್ತ. ನಿಮ್ಮ ಕುನ್ನಿ ಆರಾಮ ಐತಿ ಅಲ್ಲ? ಮತ್ತೇನ್ ಬೇಕು?"

ಆರಾಮ ಇದೆ, ನಿಜ. ಅದು ಅವನ ಸೂಜಿಯಿಂದಲ್ಲ, ನಮ್ಮ ಪುಣ್ಯದಿಂದ. ರೊಕ್ಕ ವಾಪಸ್ ಕೊಡು ಅಂದೆ. "ರೊಕ್ಕ ಬ್ಯಾಡ ಸರ್, ಮುಂದಿನ ಎರಡು ಡೋಸ್ ಫ್ರೀ ಮಾಡ್ತೀನಿ" ಅಂದ! ಬೈದು ಬ್ಲಾಕ್ ಮಾಡಿದೆ.

ಕಚ್ಚಿದ ಲೆಕ್ಕಕ್ಕೆ ಮರಿಯ ಮೇಲೆ 10 ದಿನ ಕಣ್ಣಿಡಲು ಹೇಳಿದ್ದರು, ಅದು ಮುಗಿದ ಮೇಲೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದ್ದೇವೆ. ಈ ಸಲ ಬಾಟಲಿಯ ಹೆಸರು, ತಾರೀಖು ಓದಿ, ಪುಡಿ ಬೆರೆಸುವುದನ್ನು ಫೋನಿನಲ್ಲಿ ತೆಗೆದುಕೊಂಡೆ. ಡಾಕ್ಟರ್ ಬೇಜಾರಾಗಲಿಲ್ಲ, ಸ್ಟಿಕರ್ ಅವರೇ ಅಂಟಿಸಿ ಸಹಿ ಹಾಕಿದರು. ಬಾಟಲಿ ತೋರಿಸಲು ಯಾರು ಹಿಂದೆ ಮುಂದೆ ನೋಡುತ್ತಾರೋ ಅವರನ್ನು ಗೇಟಿನಿಂದಲೇ ಕಳಿಸಿ. ರೇಬೀಸ್ ಅಂತೂ ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುತ್ತಾರೆ.

ಇವನ ಕೈಯಲ್ಲಿ ಸೂಜಿ ಮಾಡಿಸಿದವರು ಇನ್ನೂ ಇದ್ದರೆ ಕಾರ್ಡಿನ ಫೋಟೋ ಕಳಿಸಿ, ದೂರಿಗೆ ಸೇರಿಸುತ್ತೇನೆ. ನಾಚಿಕೆ ಪಟ್ಟುಕೊಂಡು ಸುಮ್ನೆ ಕೂರಬೇಡಿ. ಮೊನ್ನೆ ನಮ್ಮ ಪಕ್ಕದ ಸೆಕ್ಟರಿನಲ್ಲೇ ಅವನ ಬೈಕ್ ನಿಂತಿತ್ತಂತೆ, ಪ್ಲಸ್ ಗುರುತು ಹಾಗೇ ಇತ್ತಂತೆ.