ವರ್ಷ ತುಳಿದ ಮೇಲೆ ನನ್ನ ಹೈಬ್ರಿಡ್ ಸೈಕಲ್ ಬಗ್ಗೆ

ಮೈಸೂರಿನಲ್ಲಿ ಸುಮ್ನೆ ಖುಷಿಗೆ ಸೈಕಲ್ ತುಳಿಯುವವರಿಗೆ ಯಾವುದು ಸರಿ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಗೇರ್ ಇರಲಿ, ಮುಂದೆ ಸಸ್ಪೆನ್ಷನ್, ಅಂದರೆ ಕುಲುಕಾಟ ತಡೆಯುವ ಸ್ಪ್ರಿಂಗು, ಬೇಡ. ಅಂಥದ್ದೊಂದು ಹೈಬ್ರಿಡ್, ಅಂದರೆ ತೆಳು ಟೈರಿನ ರೇಸ್ ಸೈಕಲ್ಲಿಗೂ ದಪ್ಪ ಟೈರಿನ ಮೌಂಟನ್ ಸೈಕಲ್ಲಿಗೂ ನಡುವಿನದು, ಕೊಂಡು ವರ್ಷವಾಯಿತು. 20 ಸಾವಿರದ ಆಸುಪಾಸು ಕೊಟ್ಟೆ. ಕಂಪನಿ ಹೆಸರು ಹೇಳುವುದಿಲ್ಲ. ಈ ಬೆಲೆಗೆ ಎಲ್ಲರೂ ಹಾಕುವ ಸಾಮಾನು ಹೆಚ್ಚುಕಮ್ಮಿ ಒಂದೇ.

ಅದಕ್ಕೆ ಮುಂಚೆ ಟ್ರಿಣ್ ಟ್ರಿಣ್ ಸೈಕಲ್ ತುಳಿಯುತ್ತಿದ್ದೆ. 2017ರಲ್ಲಿ ಶುರುವಾದ ಬಾಡಿಗೆ ಸೈಕಲ್, ಗೊತ್ತಲ್ವಾ? ಮುಂದೆ ಬುಟ್ಟಿ, ತಗ್ಗಿದ ಫ್ರೇಮು. ಅರಮನೆ ಸುತ್ತಮುತ್ತ ಓಡಾಡಲು ಚೆನ್ನಾಗಿತ್ತು. ಆದರೆ ನನ್ನ ಕಣ್ಣು ಬೆಟ್ಟದ ಮೇಲಿತ್ತು.

ಅಂಗಡಿಯವರು ಸಸ್ಪೆನ್ಷನ್ ಇರುವುದನ್ನೇ ತೋರಿಸಿದರು. 'ಮೇಡಂ, ಗುಂಡಿ ರಸ್ತೆ, ಕೈ ನೋವು ಬರುತ್ತೆ' ಅಂದರು. ಈ ಬೆಲೆಯ ಸಸ್ಪೆನ್ಷನ್ ಅಂದರೆ ಒಳಗೊಂದು ಸ್ಪ್ರಿಂಗು, ಹೊರಗೆ ಕಬ್ಬಿಣದ ಭಾರ. ಏರಿನಲ್ಲಿ ಎದ್ದು ನಿಂತು ತುಳಿದರೆ ನಮ್ಮ ಶಕ್ತಿ ಅರ್ಧ ಅದನ್ನು ಕುಣಿಸುವುದಕ್ಕೇ ಹೋಗುತ್ತದೆ. ಗುಂಡಿಗೆ 35 ಮಿ.ಮೀ. ಅಗಲದ ಟೈರೇ ಸಾಕು. ಎಷ್ಟು ಗಾಳಿ ಬೇಕು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಗರಿಷ್ಠಕ್ಕಿಂತ ಸ್ವಲ್ಪ ಕಮ್ಮಿ ಹೊಡೆಸಿ, ಕೈಗೆ ಆರಾಮ. ಹಾಗೇ ವಾಲ್ವ್ ಬೈಕಿನದ್ದೇ ಥರ ಇದೆಯಾ ನೋಡಿಕೊಳ್ಳಿ. ಇದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ಸಿಗುತ್ತದೆ. ದುಬಾರಿ ಸೈಕಲ್ಲಿನ ಸಣ್ಣ ವಾಲ್ವಿಗೆ ಬೇರೆ ಅಡಾಪ್ಟರ್ ಬೇಕು.

ಈಗ ಗೇರಿನ ವಿಷಯ. 21 ಗೇರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಆ ಸಂಖ್ಯೆ ಬಿಡಿ, ಚೈನ್ ಕೂರುವ ಚಕ್ರಗಳ ಹಲ್ಲು ಎಣಿಸಿ. ನನ್ನದರಲ್ಲಿ ಮುಂದಿನ ಚಿಕ್ಕ ಚಕ್ರಕ್ಕೆ 28 ಹಲ್ಲು, ಹಿಂದಿನ ದೊಡ್ಡದಕ್ಕೆ 34. ಅಂದರೆ ಪೆಡಲ್ ಒಂದು ಸುತ್ತು ತುಳಿದರೂ ಹಿಂದಿನ ಗಾಲಿ ಪೂರ್ತಿ ಒಂದು ಸುತ್ತು ಬರುವುದಿಲ್ಲ. ನಿಧಾನ, ಆದರೆ ಏರುತ್ತದೆ. ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ. ಮಂಡಿಗೆ ವಯಸ್ಸಾಗಿರುವ ನನ್ನಂಥವಳು ಇಳಿಯದೆ ಮೇಲೆ ಹೋಗುವುದು ಆ 34 ಹಲ್ಲಿನ ದಯೆಯಿಂದ. ತೆಳು ಟೈರಿನ ರೇಸ್ ಸೈಕಲ್ಲಿನ ಹುಡುಗರು ಪಕ್ಕದಲ್ಲೇ ಸರ್ ಅಂತ ಹೋಗುತ್ತಾರೆ, ಹೋಗಲಿ. ಆಷಾಢ ಶುಕ್ರವಾರ ಮಾತ್ರ ಆ ಕಡೆ ತಲೆ ಹಾಕಬೇಡಿ, ಜನವೋ ಜನ.

ಇಳಿಯುವಾಗ ಡಿಸ್ಕ್ ಬ್ರೇಕ್ ನಂಬಿಕೆಗೆ ಅರ್ಹ. ಒಂದೇ ಸಮ ಹಿಡಿದುಕೊಂಡರೆ ಬಿಸಿಯಾಗುತ್ತದೆ. ಬಿಟ್ಟು ಬಿಟ್ಟು ಹಿಡಿಯಬೇಕು. ಮಳೆಯಲ್ಲಿ ಕಿರ್‍ರೋ ಅನ್ನುತ್ತದೆ, ನಾಯಿಗಳೆಲ್ಲ ಎದ್ದು ನೋಡುತ್ತವೆ. ಬೆಲ್ಲೇ ಬೇಕಾಗಿಲ್ಲ.

ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಚೈನ್ ಕವರ್ ಇಲ್ಲ! ಚೂಡಿದಾರದ ಪ್ಯಾಂಟೆಲ್ಲ ಕಪ್ಪು. 'ಏನಮ್ಮಾ, ಗ್ಯಾರೇಜಿಗೆ ಹೋಗಿದ್ಯಾ?' ಅಂತ ನಮ್ಮತ್ತೆ ಕೇಳಿದರು. ಈಗ ಬಲಗಾಲಿಗೆ ವೆಲ್ಕ್ರೋ ಪಟ್ಟಿ ಕಟ್ಟುತ್ತೇನೆ. ಮಡ್‌ಗಾರ್ಡು, ಸ್ಟ್ಯಾಂಡು, ಕ್ಯಾರಿಯರು ಯಾವುದೂ ಜೊತೆಗೆ ಬರುವುದಿಲ್ಲ, ಎಲ್ಲಕ್ಕೂ ಬೇರೆ ದುಡ್ಡು. ಸೀಟು ಹಲಗೆ ಥರ ಗಟ್ಟಿ. ಅದನ್ನೂ ಬದಲಾಯಿಸಿದೆ. ಪ್ಲಾಸ್ಟಿಕ್ ಪೆಡಲ್ ಮಳೆಗಾಲ ಮುಗಿಯುವಷ್ಟರಲ್ಲಿ ಒಡೆಯಿತು. ಅಂಗಡಿಯ 'ಫ್ರೀ ಸರ್ವೀಸ್' ಅಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಎರಡು ಹನಿ ಎಣ್ಣೆ ಬಿಡುವುದು, ಅಷ್ಟೇ. ಗಾಲಿ ಬೆಂಡ್ ತೆಗೆದು ಕಡ್ಡಿ ಬಿಗಿ ಮಾಡಿಕೊಟ್ಟದ್ದು ನಮ್ಮ ಕುವೆಂಪುನಗರದ ಪಂಕ್ಚರ್ ಅಂಗಡಿಯ ಅಣ್ಣ.

ಉದ್ದಕ್ಕೆ ತುಳಿಯಲು ನನಗಿಷ್ಟ ಶ್ರೀರಂಗಪಟ್ಟಣ. ಮೈಸೂರಿನಿಂದ 15 ಕಿ.ಮೀ. ಆಸುಪಾಸು. 2023ರ ಆಗಸ್ಟಿನಿಂದ ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಅವೆಲ್ಲ ಸರ್ವೀಸ್ ರಸ್ತೆಗೇ ಬಂದಿವೆ, ನಾವೂ ಅಲ್ಲೇ. ಹೊತ್ತಿಗೆ ಮುಂಚೆ ಹೊರಟರೆ ಗಂಜಾಂ ದಾಟಿ ಸಂಗಮದಲ್ಲಿ ಕಾಲು ನೆನೆಸಿ ಬಿಸಿಲೇರುವ ಮೊದಲು ವಾಪಸ್ ಬರಬಹುದು. ಕೆ.ಆರ್.ಎಸ್. ಕಡೆ ಬಲಮುರಿಗೂ ಹೋಗುತ್ತೇನೆ. ಆದರೆ ಅಲ್ಲಿ ರಸ್ತೆ ಬಿಟ್ಟು ಪಕ್ಕದ ಮಣ್ಣಿಗೆ ಇಳಿಸಿದರೆ ಜಾಲಿಮುಳ್ಳು ಗ್ಯಾರಂಟಿ. ಒಂದು ಟ್ಯೂಬು, ಸಣ್ಣ ಪಂಪು ಜೊತೆಗಿರಲಿ.

ಮಂಡ್ಯದಲ್ಲಿರುವ ತಂಗಿ ಈಗ ತನಗೂ ಇದೇ ಬೇಕು ಅನ್ನುತ್ತಿದ್ದಾಳೆ. ಬೇಡ ಅಂದೆ. ಅವಳು ತುಳಿಯುವುದು ನಾಲೆ ಏರಿ ಮೇಲೆ, ಪೂರಾ ಸಮತಟ್ಟು. ಗೇರೇ ಇಲ್ಲದ ಸೈಕಲ್ ತಗೊಂಡು ಉಳಿದ ದುಡ್ಡಿಗೆ ಒಳ್ಳೆ ಹೆಲ್ಮೆಟ್ಟು, ಹಿಂದಕ್ಕೊಂದು ಕೆಂಪು ಲೈಟು ಹಾಕಿಸು ಅಂದೆ. ಕಬ್ಬಿನ ಟ್ರ್ಯಾಕ್ಟರುಗಳಿಗಂತೂ ಹಿಂದೆ ಲೈಟಿರುವುದಿಲ್ಲ, ಇವಳಿಗಾದರೂ ಇರಲಿ.